ಇಲ್ಲದ ಮರದ ಅಟ್ಟಿ

ಚಾವಣಿ ಹೊರುವ ಮರದ ಚೌಕಟ್ಟನ್ನು, ಅಂದರೆ ಟ್ರಸ್ಸನ್ನು, ಡಿಸೈನ್ ಮಾಡುವ ಸಾಫ್ಟ್‌ವೇರ್ ಮಹಾ ಜಿಪುಣ. ಚಾವಣಿ ಎಷ್ಟು ಅಗಲ, ಅದರ ಮೇಲೆ ಎಷ್ಟು ಭಾರ ಅಂತ ಹೇಳಿಬಿಟ್ಟರೆ ಸಾಕು, ಮೆಟೀರಿಯಲ್ ಲಿಸ್ಟಿನಲ್ಲಿರುವ ಮರಗಳನ್ನೆಲ್ಲ ತಡಕಾಡಿ, ಭಾರ ತಡೆಯುವಂಥವುಗಳಲ್ಲಿ ಅತಿ ಅಗ್ಗದ್ದನ್ನೇ ಹೆಕ್ಕಿ ತರುತ್ತದೆ. ತಪ್ಪೇನಿಲ್ಲ, ಅದನ್ನು ಮಾಡಿರುವುದೇ ಅದಕ್ಕೆ. ಆದರೆ ಯಾರ್ಡಿಗೆ ಹೋಗಿ ಮರ ಮುಟ್ಟಿ ನೋಡಲು ಅದಕ್ಕೆ ಕಾಲೂ ಇಲ್ಲ, ಕೈಯೂ ಇಲ್ಲ. ಲಿಸ್ಟಿನಲ್ಲಿ ಬರೆದದ್ದೇ ವೇದವಾಕ್ಯ. ಲಿಸ್ಟು ತುಂಬುವವರು ಸುಳ್ಳು ಹೇಳಿದರೆ, ಪಾಪ, ಆ ಸುಳ್ಳಿನ ಮೇಲೇ ಅಚ್ಚುಕಟ್ಟಾಗಿ ಚಾವಣಿ ಹೂಡಿ ಕೊಡುತ್ತದೆ.

ಅಂಥ ಟ್ರಸ್ ಮಾಡುವ ಒಂದು ಕಾರ್ಖಾನೆಯ ಹಳೆಯ ಡಿಸೈನರ್ ವಯಸ್ಸಾಗಿ ಮನೆ ಸೇರಿದ ಮೇಲೆ ಅವನ ಕುರ್ಚಿಗೆ ಬಂದವಳು ಮೊಂಡಿ, ಯಜಮಾನನ ಸ್ವಂತ ತಂಗಿ. ಬೇರೆ ಕಡೆ ಇದೇ ಕೆಲಸ ಮಾಡಿಕೊಂಡಿದ್ದವಳನ್ನು ಅಣ್ಣನೇ ಕರೆಸಿಕೊಂಡಿದ್ದ. ಮೊಂಡಿ ಅಂತ ಹೆಸರಿಟ್ಟವನೂ ಅವನೇ. ಅಪ್ಪ ಅಮ್ಮ ಇಲ್ಲದ ಮನೆಯಲ್ಲಿ ಅವಳಿಗೆ ಜಡೆ ಹಾಕಿದವನು, ಮರದ ಲಾರಿಗೆ ಹೆಗಲು ಕೊಟ್ಟು ಅವಳನ್ನು ಓದಿಸಿದವನು ಅವನು. ಜಡೆ ಸೊಟ್ಟಗಾಯಿತು ಅಂತ ಅವಳು ಹಟ ಹಿಡಿದರೆ ಬಿಚ್ಚಿ ಮತ್ತೆ ಹಾಕುತ್ತಿದ್ದ. ಅಂಥ ಅಣ್ಣನಿಗೆ ಎದುರು ನಿಲ್ಲುವುದು ಹುಡುಗಾಟದ ಮಾತಲ್ಲ.

ಬಂದ ಕೂಡಲೇ ಅವಳ ಪಾಲಿಗೆ ಬಿದ್ದದ್ದು ಹೊಸ ಸಾಫ್ಟ್‌ವೇರ್. ಅದರ ಲಿಸ್ಟು ಪೂರ್ತಿ ಖಾಲಿ. ಮರದ ಅಗಲ, ದಪ್ಪ, ಉದ್ದ, ಗ್ರೇಡು, ಮರಕ್ಕೆ ಮರ ಕಚ್ಚಿಸುವ ಹಲ್ಲಿನ ತಗಡುಗಳು, ಎಲ್ಲವನ್ನೂ ಮೊದಲಿಂದ ತುಂಬಬೇಕು. ಅವಳು ಹಳೆಯ ಲಿಸ್ಟನ್ನು ಕಣ್ಣು ಮುಚ್ಚಿ ನಕಲು ಮಾಡುವ ಪೈಕಿ ಅಲ್ಲ. ಟೇಪು ಹಿಡಿದು ಯಾರ್ಡಿಗೆ ಇಳಿದಳು. ಒಂದೊಂದು ಅಟ್ಟಿಯ ಮುಂದೆ ನಿಂತು, ಮರದ ಮೇಲಿನ ಗ್ರೇಡಿನ ಮುದ್ರೆ ಓದಿ, ಅಳೆದು, ಬರೆದುಕೊಂಡಳು. ಸಂಜೆಗೆ ಹಳೆಯದರ ಜೊತೆ ತಾಳೆ ನೋಡಿದರೆ ಹಳೆಯದರಲ್ಲಿ ಒಂದು ಮರ ಜಾಸ್ತಿ ಇತ್ತು. ಹೆಸರು ‘ವಿಶೇಷ’. ಮೊದಲ ಗ್ರೇಡಿನ ಬಲ, ಎರಡನೇ ಗ್ರೇಡಿನ ಬೆಲೆ.

“ಮೇಸ್ತ್ರಿ, ಈ ವಿಶೇಷದ ಅಟ್ಟಿ ಎಲ್ಲಿದೆ? ನನ್ನ ಕಣ್ಣಿಗೆ ಬೀಳಲಿಲ್ಲ,” ಅಂತ ಗರಗಸದ ಮೇಸ್ತ್ರಿಯನ್ನು ಕೇಳಿದಳು.

“ಅದಕ್ಕೆ ಬೇರೆ ಅಟ್ಟಿ ಇಲ್ಲ ಅಕ್ಕಾ. ಕಟಿಂಗ್ ಚೀಟಿಲಿ ವಿಶೇಷ ಅಂತ ಬಂದ್ರೆ ಎರಡನೇ ಗ್ರೇಡಿಂದ ತೆಗೀತೀವಿ. ಮೊದಲಿಂದಾನೂ ಹಾಗೇ,” ಅಂದ ಮೇಸ್ತ್ರಿ, ಅದರಲ್ಲಿ ಕೇಳುವಂಥದ್ದೇನಿದೆ ಅನ್ನುವ ಹಾಗೆ.

ಮೊಂಡಿ ನೇರ ಅಣ್ಣನ ಕೋಣೆಗೆ ಹೋದಳು. ಅವನು ಮುಚ್ಚುಮರೆ ಮಾಡಲಿಲ್ಲ, ನಕ್ಕುಬಿಟ್ಟ. ಒಂದು ಸಲ ಒಳ್ಳೆ ಮರದ ಲಾರಿ ಬರುವುದು ತಡವಾಗಿ, ಗಿರಾಕಿ ಕುತ್ತಿಗೆಯ ಮೇಲೆ ಕೂತಿದ್ದನಂತೆ. ಎರಡನೇ ಗ್ರೇಡು ಹಾಕಿದರೆ ಬಲ ಸಾಲದು ಅಂತ ಪರದೆಯ ಮೇಲೆ ಟ್ರಸ್ ಕೆಂಪಾಗುತ್ತಿತ್ತು. ಕೆಂಪು ಹೋಗಲಿ ಅಂತ ಆ ಹೊತ್ತಿಗೆ ಒಂದು ಹೆಸರು ಹುಟ್ಟಿಸಿದ್ದು, ಕೆಲಸ ಮುಗಿದ ಮೇಲೆ ಅಳಿಸಬೇಕಿತ್ತು. ಅಳಿಸುವುದು ಮರೆತುಹೋಯಿತು. ಜಿಪುಣ ಸಾಫ್ಟ್‌ವೇರ್ ಬಿಡುತ್ತದೆಯೇ? ಅಗ್ಗವೂ ಹೌದು, ಗಟ್ಟಿಯೂ ಹೌದು ಅನ್ನುವ ಮರ ಸಿಕ್ಕಿತಲ್ಲ, ಅಲ್ಲಿಂದಾಚೆ ದೊಡ್ಡ ಚಾವಣಿ ಬಂದಾಗಲೆಲ್ಲ ಅದನ್ನೇ ಆರಿಸಿಕೊಂಡಿತು. ಅಣ್ಣನಿಗೆ ಅದು ಗೊತ್ತಾಗುವ ಹೊತ್ತಿಗೆ ಬೇರೆಯವರಿಗಿಂತ ಕಡಿಮೆ ದರ ಹೇಳಿ ಕೆಲಸ ಹಿಡಿಯುವ ರುಚಿ ಹತ್ತಿಬಿಟ್ಟಿತ್ತು.

“ಹೊಸದರಲ್ಲೂ ಹಾಕು. ಈಗ ಬಂದಿರೋ ಈಜುಕೊಳದ ಚಾವಣಿಗೆ ನಾನು ದರ ಹೇಳಿರೋದು ಅದನ್ನ ನಂಬ್ಕೊಂಡೇ,” ಅಂದ.

“ಹಾಕಲ್ಲ.”

“ಏನಂದೆ?”

“ಹಾಕಲ್ಲ ಅಂದೆ. ಆ ಮರ ಇಲ್ಲ. ಇಲ್ಲದ್ದನ್ನ ಇದೆ ಅಂತ ನಾನು ಬರೆಯಲ್ಲ. ಅಷ್ಟು ಅಗಲದ ಚಾವಣಿ, ಕೆಳಗೆ ಮಕ್ಕಳು ಈಜ್ತಿರ್ತಾರೆ.”

“ಇಷ್ಟು ವರ್ಷದಲ್ಲಿ ಒಂದಾದ್ರೂ ಬಿತ್ತಾ? ಬಿದ್ದಿದ್ರೆ ಹೇಳು.”

“ಬೀಳೋವರೆಗೂ ಕಾಯಬೇಕಾ?”

ಅಣ್ಣನ ನಗು ಅಲ್ಲಿಗೆ ನಿಂತಿತು. ಅವಳನ್ನು ತಲೆಯ ಮೇಲೆ ಕೂರಿಸಿಕೊಂಡದ್ದು ತನ್ನದೇ ತಪ್ಪು ಅಂತ ಗೊಣಗಿದ. ಅವಳು ಬಾಗಿಲು ದಾಟುವಾಗ, “ನಿನಗಾಗಲ್ಲ ಅಂದ್ರೆ ನನಗೆ ಕೈಯಿಲ್ವಾ?” ಅಂತ ಹಿಂದಿನಿಂದ ಕೂಗಿದ.

ಕೈಯಿತ್ತು. ಮಾರನೆಯ ದಿನ ಅವಳು ಬರುವ ಮುಂಚೆಯೇ ಬಂದು ತಾನೇ ಕೂತು, ಎರಡು ಬೆರಳಲ್ಲಿ ಕುಟ್ಟಿ ಕುಟ್ಟಿ ‘ವಿಶೇಷ’ವನ್ನು ಹೊಸ ಲಿಸ್ಟಿಗೆ ಸೇರಿಸಿದ್ದ. ಈಜುಕೊಳದ ಟ್ರಸ್ಸೆಲ್ಲ ಕೆಂಪು ಬಿಟ್ಟು ಹಸಿರಾಗಿದ್ದವು. ಅವಳು ಬ್ಯಾಗು ಕೆಳಗಿಡುವಷ್ಟರಲ್ಲಿ ಕಟಿಂಗ್ ಚೀಟಿಗಳು ಮೇಸ್ತ್ರಿಯ ಕೈ ಸೇರಿದ್ದವು, ಗರಗಸ ಬಿಸಿಯಾಗುತ್ತಿತ್ತು.

ಮೊಂಡಿಗೆ ಅಳು ಬಂತು. ಅಳುವುದನ್ನು ಆಮೇಲೆ ನೋಡಿಕೊಂಡರಾಯಿತು ಅಂತ ನುಂಗಿಕೊಂಡಳು. ಸ್ಟೋರಿಗೆ ಹೋಗಿ ಒಂದು ಹಲಗೆ ತುಂಡು, ಬಿಳಿ ಬಣ್ಣದ ಡಬ್ಬಿ ಎತ್ತಿಕೊಂಡಳು. ಹಲಗೆಯ ಮೇಲೆ ದಪ್ಪ ಅಕ್ಷರದಲ್ಲಿ ‘ವಿಶೇಷ’ ಅಂತ ಬರೆದಳು. ಎರಡು ಗ್ರೇಡುಗಳ ಅಟ್ಟಿಗಳ ನಡುವೆ ಲಾರಿ ತಿರುಗಿಸಲು ಬಿಟ್ಟಿದ್ದ ಬರಿ ನೆಲದಲ್ಲಿ ಗೂಟ ಹೊಡೆದು, ಅದಕ್ಕೆ ಆ ಹಲಗೆ ಜಡಿದಳು.

“ಮೇಸ್ತ್ರಿ, ಅಟ್ಟಿ ಎಲ್ಲಿ ಅಂತ ನಿನ್ನೆ ನಾನು ಕೇಳಿದ್ದೆ. ಸಿಕ್ತು ನೋಡಿ. ಚೀಟಿಲಿ ವಿಶೇಷ ಅಂತಿದ್ರೆ ಇಲ್ಲಿಂದಾನೇ ತೆಗೀರಿ. ಎರಡನೇ ಗ್ರೇಡು ಮುಟ್ಟಿದ್ರೆ ಜೋಕೆ.”

ಮೇಸ್ತ್ರಿ ಚೀಟಿ ನೋಡಿದ, ಹಲಗೆ ನೋಡಿದ, ಹಲಗೆಯ ಕೆಳಗಿನ ಹುಲ್ಲು ನೋಡಿದ. “ಇಲ್ಲಿ ಏನೂ ಇಲ್ವಲ್ಲಕ್ಕಾ!”

“ಅದನ್ನೇ ನಾನೂ ಹೇಳ್ತಿರೋದು.”

ಯಾರೋ ಕಿಸಕ್ಕೆಂದರು. ತಗಡು ಒತ್ತುವವರು ಪ್ರೆಸ್ ಬಿಟ್ಟು ಬಂದು ಗುಂಪುಗಟ್ಟಿದರು. ಅಣ್ಣ ತಮ್ಮನೋ ಅಣ್ಣ ತಂಗಿಯೋ, ಮನೆಯವರ ಜಗಳ ಪುಕ್ಕಟೆ ನೋಡಲು ಸಿಕ್ಕರೆ ಬಿಡುವವರು ಯಾರು? ಗರಗಸ ಸುಮ್ಮನೆ ತಿರುಗಿ ತಿರುಗಿ ಕೊನೆಗೆ ನಿಂತಿತು. ಆ ಸದ್ದು ನಿಂತಿದ್ದಕ್ಕೇ ಅಣ್ಣ ಕೋಣೆಯಿಂದ ಹೊರಗೆ ಬಂದ.

ಹಲಗೆ ನೋಡಿದ್ದೇ ತಡ ಅವನ ಮುಖ ಕಪ್ಪಿಟ್ಟಿತು. “ಕಿತ್ತು ಹಾಕು ಅದನ್ನ. ಎಲ್ಲರ ಮುಂದೆ ನನ್ನ ಮಾನ ಹರಾಜು ಹಾಕ್ತೀಯಾ?”

“ಮಾನ ಹೋಗೋದು ಹಲಗೆಯಿಂದಲ್ಲ ಅಣ್ಣ. ಲಿಸ್ಟಿಂದ ಅದನ್ನ ತೆಗಿ, ನಾನು ಇದನ್ನ ತೆಗೀತೀನಿ.”

“ನೋಡೇ, ನನ್ನ ಮನೆ ಚಾವಣಿಗೂ ಅದೇ ಮರ ಹಾಕಿದೀನಿ, ತಿಳ್ಕೋ! ಹೆಂಡತಿ ಮಕ್ಕಳನ್ನ ಕಟ್ಕೊಂಡು ಅದರ ಕೆಳಗೇ ಮಲಗ್ತೀನಿ. ನಾನೇನು ಕೊಲೆಗಡುಕನಾ?”

ಈ ಮಾತು ಮೊಂಡಿ ಎಣಿಸಿರಲಿಲ್ಲ. ಅತ್ತಿಗೆಯ ಮುಖ ಕಣ್ಣ ಮುಂದೆ ಬಂತು. ಅಣ್ಣ ಸುಳ್ಳುಗಾರ ಅಂದುಕೊಂಡಿದ್ದಳು. ಅವನು ತನ್ನ ಸುಳ್ಳನ್ನು ತಾನೇ ನಂಬಿಬಿಟ್ಟಿದ್ದ. ಅವಳಿಗೆ ಅವನ ಮೇಲೆ ಸಿಟ್ಟೂ ಬಂತು, ಮರುಕವೂ ಬಂತು.

“ನೀನು ಗೊತ್ತಿದ್ದು ಮಲಗ್ತೀಯ,” ಅಂದಳು. “ಮಿಕ್ಕವರಿಗೆ ಗೊತ್ತಿಲ್ಲ.”

ಗುಂಪಿನಲ್ಲಿ ಯಾರೂ ಈಗ ನಗಲಿಲ್ಲ. ಮೇಸ್ತ್ರಿ ಕೈಯಲ್ಲಿದ್ದ ಚೀಟಿಗಳನ್ನು ತಂದು ಯಜಮಾನನ ಕೈಗೆ ಕೊಟ್ಟು, ಬೀಡಿ ಹಚ್ಚುವ ನೆಪದಲ್ಲಿ ಅತ್ತ ಸರಿದುಬಿಟ್ಟ. ಜಗಳದ ಉಸಾಬರಿ ಅವನಿಗೆ ಬೇಡವಾಗಿತ್ತು. ಚೀಟಿ ಹಿಡಿದುಕೊಂಡು ಅಣ್ಣ ಬರಿ ನೆಲದ ಅಂಚಿನಲ್ಲಿ ನಿಂತ. ಕೊನೆಗೆ ಅವುಗಳನ್ನು ಮುದ್ದೆ ಮಾಡಿ ಜೇಬಿಗೆ ತುರುಕಿದ.

“ಆಯ್ತು ಮಾರಾಯ್ತಿ. ಈಜುಕೊಳಕ್ಕೆ ಒಳ್ಳೇ ಮರಾನೇ ಹಾಕೋಣ. ನಷ್ಟ ಆದ್ರೆ ಆಗ್ಲಿ. ಸಮಾಧಾನ ಆಯ್ತಾ? ಇನ್ನು ಒಳಗೆ ನಡಿ.”

ಇನ್ನೊಬ್ಬಳಾಗಿದ್ದರೆ ಗೆದ್ದೆ ಅಂತ ಒಳಗೆ ಹೋಗುತ್ತಿದ್ದಳು. ಮೊಂಡಿ ಕದಲಲಿಲ್ಲ.

“ಹಳೇ ಚಾವಣಿಗಳು?”

“ಯಾವ ಹಳೇವು?”

“ವಿಶೇಷ ಹಾಕಿರೋವು. ಒಂದೊಂದನ್ನೂ ಹತ್ತಿ ನೋಡಬೇಕು. ಬಲ ಸಾಲದ ಕಡೆ ಜೋಡಿ ಮರ ಕೊಟ್ಟು ಬಿಗಿ ಮಾಡಬೇಕು. ನಮ್ಮ ಖರ್ಚಲ್ಲಿ.”

“ತಲೆ ಕೆಟ್ಟಿದ್ಯಾ ನಿನಗೆ? ಆ ಸುದ್ದಿ ಎತ್ತಿದ್ರೆ ನಾಳೆಯಿಂದ ಈ ಗೇಟಿಗೆ ಒಂದು ನಾಯಿನೂ ಬರಲ್ಲ! ಕಾರ್ಖಾನೆ ಮುಚ್ಚಬೇಕಾಗತ್ತೆ. ಫೋನು ಮುಟ್ಟಿದ್ಯೋ, ನನಗೊಬ್ಬಳು ತಂಗಿ ಇದ್ದಳು ಅನ್ನೋದನ್ನೇ ಮರೀತೀನಿ.”

ಅವನು ತಮಾಷೆಗೆ ಹೇಳಿರಲಿಲ್ಲ. ಅವನ ಗಂಟಲ ನರ ಉಬ್ಬಿದ್ದನ್ನು ಅವಳು ನೋಡಿದಳು. ಹೆದರಿಕೆಯಾಯಿತು. ಆದರೂ ಫೋನು ತೆಗೆದಳು. ಬೀದಿಯ ಆಚೆ ತುದಿಯ ಬೇಕರಿಯ ದೊಡ್ಡ ಚಾವಣಿ ಇಲ್ಲಿಯದೇ, ಅದಕ್ಕೆ ಹೋದದ್ದೂ ವಿಶೇಷವೇ ಅಂತ ಅವಳಿಗೆ ಗೊತ್ತಿತ್ತು, ಬೇಕರಿಯ ಬೋರ್ಡಿನ ಮೇಲಿನ ನಂಬರು ಗೇಟಿನಿಂದಲೇ ಕಾಣುತ್ತಿತ್ತು. ಸ್ಪೀಕರ್ ಹಾಕಿದಳು.

“ಟ್ರಸ್ ಕಾರ್ಖಾನೆಯಿಂದ ಮಾತಾಡ್ತಿದೀನಿ. ನಿಮ್ಮ ಚಾವಣಿ ಹತ್ತಿ ನೋಡಬೇಕು, ಈವತ್ತೇ. ಹೇಳಿದ್ದಕ್ಕಿಂತ ಕಡಿಮೆ ಗ್ರೇಡಿನ ಮರ ಹೋಗಿದೆ ಅದಕ್ಕೆ.”

ಆ ಕಡೆಯಿಂದ ಬೇಕರಿಯಾಕೆಯ ದನಿ ಯಾರ್ಡಿಗೆಲ್ಲ ಕೇಳಿಸಿತು. “ಅಯ್ಯೋ ದೇವರೇ! ಯಾರು ಮಾಡಿದ ಕೆಲಸ ಇದು?”

ಅಣ್ಣ ಕಣ್ಣು ಮುಚ್ಚಿಕೊಂಡ. ಅವಳು ಈ ಕಾರ್ಖಾನೆಗೆ ಬಂದೇ ಎರಡು ವಾರವಾಗಿರಲಿಲ್ಲ. ಬೆರಳು ತೋರಿಸಿ ಕೈ ತೊಳೆದುಕೊಳ್ಳಬಹುದಿತ್ತು.

“ನಾವೇ ಮಾಡಿದ್ದು,” ಅಂದಳು. “ನಾವೇ ಸರಿ ಮಾಡಿ ಕೊಡ್ತೀವಿ.”

ಮಾತು ಮುಗಿಸಿ ಅಣ್ಣನ ಕಡೆ ತಿರುಗಿದಳು. ಯಾವ ಚಾವಣಿ ಎಲ್ಲಿಗೆ ಹೋಯಿತು ಅನ್ನುವುದು ಅವನಷ್ಟು ಗೊತ್ತಿದ್ದವರು ಬೇರೆ ಯಾರೂ ಇರಲಿಲ್ಲ.

“ಮುಂದಿನದು ಯಾರದು? ನೀನೇ ಹೇಳು.”

ಅವನು ಅವಳನ್ನು ನುಂಗಿಬಿಡುವ ಹಾಗೆ ನೋಡಿದ. ಅವಳು ಕಣ್ಣು ಕೆಳಗಿಳಿಸಲಿಲ್ಲ. ಫೋನು ಹಾಗೇ ಹಿಡಿದು ನಿಂತಳು, ಬೇಕಾದರೆ ಕತ್ತಲಾಗುವವರೆಗೂ ನಿಲ್ಲುತ್ತಿದ್ದಳು. ಮೇಸ್ತ್ರಿಯ ಬೀಡಿ ಮುಗಿಯಿತು. ಅಣ್ಣ ಮುಖ ಅತ್ತ ತಿರುಗಿಸಿ, ಒಡೆದ ದನಿಯಲ್ಲಿ, ಒಂದೊಂದೇ ಅಂಕಿಯಾಗಿ ನಂಬರು ಹೇಳತೊಡಗಿದ.