ಮೊದಲು ಫೋಟೋ, ಆಮೇಲೆ ಪೊರಕೆ

ಹೊಳೆದಂಡೆಯ ಬೀದಿಯಲ್ಲಿ ಸೈರನ್ ಕೂಗಿತು. ಟೇಲರಣ್ಣ ಕತ್ತರಿ ಹಿಡಿದುಕೊಂಡೇ ಅಂಗಡಿಯಿಂದ ಹೊರಗೆ ಬಂದು ಆಕಾಶ ನೋಡಿದ. ಸುಡುಬಿಸಿಲು! ಒಂದು ಮೋಡವಾದರೂ ಬೇಡವೇ?

ಎದುರು ಮನೆಯವನು "ಅಣೆಕಟ್ಟು ಒಡೆದಿದೆಯಂತೆ" ಎಂದ. ಹಾಲಿನವನು "ಬರೀ ತಾಲೀಮಂತೆ" ಎಂದ. ಫೋನಿನ ವಿಡಿಯೋದಲ್ಲಿ ಇನ್ಯಾವುದೋ ಊರು ಮುಳುಗುತ್ತಿತ್ತು. ಟೇಲರಣ್ಣನಿಗೆ ತಲೆಬುಡ ತಿಳಿಯಲಿಲ್ಲ. ಅಂಗಡಿಯ ಹಿಂದೆಯೇ ಮನೆ. ಅಲ್ಲಿ ಮಂಡಿನೋವಿನ ಅಮ್ಮ "ನಾನಂತೂ ಎಲ್ಲಿಗೂ ಬರಲ್ಲ" ಎಂದು ಮಂಚ ಹಿಡಿದು ಕೂತಿದ್ದಳು. ಅವಳನ್ನು ಎಬ್ಬಿಸಬೇಕೋ, ಅರ್ಧ ಹೊಲಿದ ಅಂಗಿ ಮುಗಿಸಬೇಕೋ?

ಅಷ್ಟರಲ್ಲಿ ಹಿಟ್ಟಿನ ಗಿರಣಿಯ ಅಕ್ಕ ಬಂದಳು. ಮೈಯೆಲ್ಲ ಹಿಟ್ಟು, ಕುತ್ತಿಗೆಯಲ್ಲಿ ಸೀಟಿ. ಸರ್ಕಾರದ ತರಬೇತಿ ಪಡೆದು ಬೀದಿಯ ನೆರೆ ಕಾವಲು ತಂಡಕ್ಕೆ ಸೇರಿದವಳು.

"ಇನ್ನೂ ನಿಂತಿದ್ದೀಯಲ್ಲೋ ತಮ್ಮಾ!"

"ಮಳೇನೇ ಇಲ್ವಲ್ಲಕ್ಕಾ!"

"ಮಳೆ ಇಲ್ಲೇ ಬರಬೇಕಾ? ಮೇಲೆ ಗುಡ್ಡದಲ್ಲಿ ಸುರೀತಿದೆ. ಅಣೆಕಟ್ಟು ಒಡೆದಿಲ್ಲ, ತುಂಬಿದೆ. ಗೇಟು ತೆಗೆದಿದ್ದಾರೆ. ಆ ನೀರು ಸಂಜೆಗೆ ಇಲ್ಲಿಗೆ ಬರುತ್ತೆ. ಅಷ್ಟರೊಳಗೆ ಹೊರಡಿ ಅಂತಾನೇ ಸೈರನ್."

"ಹೋದ ಸಲ ಸೊಂಟದವರೆಗೆ ನೀರು ಬಂತು. ಪರಿಹಾರಕ್ಕೆ ಹಾನಿ ನೋಡೋಕೆ ಬಂದ ಅಧಿಕಾರಿ 'ನಿಮ್ಮನೆಗೆ ನೀರೇ ಬಂದಿಲ್ಲ' ಅಂದ್ರು. ಈಗ ನೀರಿಲ್ಲ, ಬರುತ್ತೆ ಅಂತಾರೆ. ಯಾವುದನ್ನ ನಂಬಲಿ?"

"ಅವರು ಬರೋ ಮುಂಚೆ ನಿಮ್ಮಮ್ಮ ಏನ್ ಮಾಡಿದ್ರು, ಅದನ್ನ ಹೇಳು."

ಟೇಲರಣ್ಣ ತಲೆ ಕೆರೆದುಕೊಂಡ. ದೊಡ್ಡವರು ಬರುತ್ತಾರೆ, ಮನೆ ಗಲೀಜಾಗಿದ್ದರೆ ಏನಂದುಕೊಂಡಾರು ಎಂದು ಅಮ್ಮ ಕೆಸರು ತೆಗೆದು, ಗೋಡೆ ಉಜ್ಜಿ, ಸುಣ್ಣವನ್ನೂ ಹೊಡೆಸಿದ್ದಳು! ಅಧಿಕಾರಿ ಬಂದಾಗ ಮನೆ ಫಳಫಳ ಎನ್ನುತ್ತಿತ್ತು.

"ಕುರುಹೇ ಇಲ್ಲದ ಮೇಲೆ ಅವರಾದ್ರೂ ಏನ್ ಬರೀತಾರೆ?" ಎಂದಳು ಅಕ್ಕ. "ನೀರಿಳಿದ ಮೇಲೆ ಮೊದಲು ಫೋಟೋ, ಆಮೇಲೆ ಪೊರಕೆ. ಈಗ ಮೆಷಿನ್ ಅಟ್ಟಕ್ಕೆ ಏರಿಸು. ಗುರುತಿನ ಚೀಟಿ, ಅಮ್ಮನ ಮಾತ್ರೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟು. ಶಾಲೆಯಲ್ಲಿ ಆಶ್ರಯ ಕೇಂದ್ರ ತೆಗೆದಿದ್ದಾರೆ. ಊಟ, ಹಾಸಿಗೆ, ಡಾಕ್ಟರು ಎಲ್ಲಾ ಇದೆ. ಅಮ್ಮನಿಗೆ ಗಾಡಿ ಬರುತ್ತೆ."

"ಅಲ್ಲಿ ಕಕ್ಕಸು ಚೊಕ್ಕವಾಗಿದೆಯಾ?" ಒಳಗಿಂದ ಅಮ್ಮನ ದನಿ.

"ನೀವೇ ಬಂದು ನೋಡಿ ಅಮ್ಮಾ. ಇಲ್ಲದಿದ್ರೆ ನಮಗೆ ಬೈದು ತೊಳೆಸಿ!"

ಅಮ್ಮ ಚಪ್ಪಲಿ ಹುಡುಕತೊಡಗಿದಳು. ಅವು ಸಿಗುವಷ್ಟರಲ್ಲಿ ಮೆಷಿನ್ ಅಟ್ಟ ಸೇರಿತು, ಗಾಡಿಯೂ ಬಂತು.

ಸಂಜೆ ಹೊಳೆ ಬೀದಿಗೆ ನುಗ್ಗಿತು. ಶಾಲೆಯ ಮಹಡಿಯಿಂದ ನೋಡಿದರೆ ಅಂಗಡಿಯ ಬಾಗಿಲು ಅರ್ಧ ಮುಳುಗಿತ್ತು. ಅಮ್ಮ ಆ ಮಂಚದಲ್ಲೇ ಕೂತಿದ್ದರೆ ಏನಾಗುತ್ತಿತ್ತು ಎಂದು ಟೇಲರಣ್ಣ ಅವಳತ್ತ ತಿರುಗಿದ. ಅಮ್ಮ ಮಾತ್ರ ಪಕ್ಕದಲ್ಲಿ ಯಾರಿಗೋ ಬಕೆಟ್ ತೊಳೆಯುವುದು ಹೇಗೆಂದು ಕಲಿಸುತ್ತಿದ್ದಳು.

ನೀರಿಳಿದ ಮೇಲೆ ಮನೆಗೆ ಕಾಲಿಟ್ಟದ್ದೇ ತಡ, ಅಮ್ಮ ಪೊರಕೆ ಎತ್ತಿದಳು.

"ಅಮ್ಮಾ, ಕೆಳಗಿಡು! ಫೋಟೋ ಆಗಲಿ!"

"ಈ ಕೊಳೇದಾ? ನೋಡಿದವರು ನಗಲ್ವೇನೋ?"

"ನೋಡ್ಲಿ ಅಂತಾನೇ ಅಮ್ಮಾ!"

ಗೋಡೆಯ ಕೆಸರಿನ ಗೆರೆ, ಉಬ್ಬಿದ ಬಾಗಿಲು, ಮುರಿದ ಮಂಚ, ಎಲ್ಲದರ ಫೋಟೋ ತೆಗೆದ. ಅಧಿಕಾರಿ ಬಂದು ಎಲ್ಲ ಬರೆದುಕೊಳ್ಳುವವರೆಗೂ ಅಮ್ಮ ನಾಚಿಕೆಯಿಂದ ತಲೆ ಎತ್ತಲಿಲ್ಲ. ಅವರು ಬೀದಿಯ ತಿರುವು ದಾಟುತ್ತಲೇ ಮಗನ ಕೈಗೂ ಒಂದು ಪೊರಕೆ ಬಂತು.

ಹೊಳೆದಂಡೆಯ ಅಕ್ಕಂದಿರೇ, ಅಣ್ಣಂದಿರೇ, ಬಿಸಿಲಿದೆ ಎಂದು ಸೈರನ್ನಿಗೆ ಬೆನ್ನು ಹಾಕಬೇಡಿ. ಗಾಳಿಮಾತು ಬಿಟ್ಟು ನಿಮ್ಮ ಬೀದಿಯ ತಂಡದವರನ್ನು ಕೇಳಿ. ನೀರು ಬರುವ ಮುಂಚೆಯೇ ಹೊರಡಿ. ನಿಮ್ಮ ಅಮ್ಮನ ಚಪ್ಪಲಿ ಎಲ್ಲಿದೆ? ಇವತ್ತೇ ನೋಡಿಟ್ಟುಕೊಳ್ಳಿ.