ತಡೆದ ಮೂರು ಮೇಲ್

ಲಕ್ಷ್ಮಣ ಯಲ್ಲೇಶನ ಕಾಲರು ಹಿಡಿದು ಗೋಡೆಗೆ ಒತ್ತಿದ. ಎರಡನೆಯ ಏಟಿಗೆ ಯಲ್ಲೇಶನ ತುಟಿ ಒಡೆದು ರಕ್ತ ಅಂಗಿಯ ಮೇಲೆ ಇಳಿಯಿತು. ಬೆಳಗಾವಿಯ ಎರಕದ ಕಾರ್ಖಾನೆಯ ಮುಖ್ಯ ಕಚೇರಿಯಲ್ಲಿ ಎಲ್ಲರೂ ಎದ್ದು ನಿಂತರೇ ಹೊರತು ಯಾರೂ ಮುಂದೆ ಬರಲಿಲ್ಲ.

“ನನ್ನ ತಂಗಿ ಸಪ್ನಾ ನಿಮ್ಮ ಖಾನಾಪುರದ ಘಟಕದಾಗ ಕ್ಲರ್ಕ್ ಅದಾಳ. ದೂರು ಬರದು ಇಲ್ಲಿಗೆ ಮೂರು ಮೇಲ್ ಕಳಿಸ್ಯಾಳ. ಒಂದಕ್ಕರ ಉತ್ತರಾ ಕೊಟ್ಟೀರೇನು? ನಿನ್ನಿ ಸೂಪರ್‌ವೈಸರ್ ಪ್ರಸಾದ ಕಬ್ಬಿಣದ ರಾಡ್‌ಲೆ ಹೊಡದು ಆಕಿ ಬಲಗೈ ಮುರದಾನ. ದವಡಿ ಒಡದಾನ.”

“ಯಾವ ಮೇಲೂ ಬಂದಿಲ್ರಿ,” ಎಂದ ಯಲ್ಲೇಶ. ಕಚೇರಿಯ ಮೇಲ್, ನೆಟ್‌ವರ್ಕ್ ನೋಡಿಕೊಳ್ಳುವವನು ಅವನೇ. ಹೇಳಿದ್ದನ್ನು ನಂಬಿಯೇ ಹೇಳಿದ್ದ. ಕಾವಲಿನವರು ಲಕ್ಷ್ಮಣನನ್ನು ಎಳೆದುಕೊಂಡು ಹೋದರು.

ಯಲ್ಲೇಶ ತುಟಿಗೆ ಕರವಸ್ತ್ರ ಒತ್ತಿಕೊಂಡು ಒಳಬರುವುದನ್ನು ಸೋಸುವ ಫೈರ್‌ವಾಲ್ ತಡೆಹಿಡಿದ ಮೇಲ್‌ಗಳ ಪಟ್ಟಿ ತೆರೆದ. ಮೂರೂ ಅಲ್ಲೇ ಇದ್ದವು. ಹೊಲಸು ಬೈಗುಳವಿದ್ದ ಮೇಲ್ ಒಳಗೆ ಬಿಡಬಾರದೆಂಬ ನಿಯಮ ಹಾಕಿದವನು ಅವನೇ. ಪ್ರಸಾದ ತನ್ನನ್ನು ಏನೇನು ಬೈದನೆಂದು ಸಪ್ನಾ ಒಂದಕ್ಷರ ಬಿಡದೆ ಬರೆದಿದ್ದಳು. ಹಾಗೆ ತಡೆದಾಗ ಕಳಿಸಿದವರಿಗೊಂದು ಸೂಚನೆ ಹೋಗುತ್ತಿತ್ತು. ಸೂಚನೆ ಕಂಡವರೆಲ್ಲ ಫೋನ್ ಮಾಡಿ ತಲೆ ತಿನ್ನುತ್ತಾರೆಂದು ಎರಡು ತಿಂಗಳ ಹಿಂದೆ ಅದನ್ನೂ ಅವನೇ ಬಂದ್ ಮಾಡಿದ್ದ.

ಮೊದಲನೆಯದರಲ್ಲಿ, ಪ್ರಸಾದ ಕೂದಲು ಹಿಡಿದು ತಲೆಯನ್ನು ಕಬ್ಬಿಣದ ಕಪಾಟಿಗೆ ಬಡಿದದ್ದು. ಎರಡನೆಯದರಲ್ಲಿ, ಪಾದದ ಮೇಲೆ ಎರಕದ ಅಚ್ಚಿನ ಸುಡುವ ಮರಳು ಸುರಿದದ್ದು. ಮೂರನೆಯದು ಎರಡೇ ಸಾಲು: ‘ನೀವು ಸುಮ್ಮನಿದ್ದದ್ದಕ್ಕ ಅವ ನಗತಾನ್ರಿ. ದೊಡ್ಡವರಿಗೆ ಎಲ್ಲಾ ಗೊತ್ತೈತಿ ಅಂತಾನ.’

ವ್ಯವಸ್ಥಾಪಕ ಗೌರೀಶ ಹಿಂದೆ ಬಂದು ನಿಂತು ಓದಿದ. “ಅಳಿಸಿಬಿಡು. ನೀನೂ ಸಿಕ್ಕೊಂತಿ, ನಾವೂ ಸಿಕ್ಕೊಂತೇವಿ.”

“ಖರೇ ಅದರಿ,” ಎಂದು ಯಲ್ಲೇಶ ಪ್ರಿಂಟ್ ಒತ್ತಿದ. ಗೌರೀಶ ಹಾಳೆಗಳಿಗೆ ಕೈ ಹಾಕಿದ. ಯಲ್ಲೇಶ ಅವನ ಮಣಿಕಟ್ಟು ತಿರುಚಿ ಮೇಜಿನ ಮೇಲೆ ನೂಕಿದ, ಗಾಜು ಒಡೆಯಿತು. ಹಾಳೆಗಳನ್ನು ಅಂಗಿಯೊಳಗೆ ತುರುಕಿಕೊಂಡು ಖಾನಾಪುರದ ಬಸ್ಸು ಹತ್ತಿದ.

ಅಲ್ಲಿನ ಆಸ್ಪತ್ರೆಯ ಮಂಚದ ಮೇಲೆ ಸಪ್ನಾಳ ದವಡೆಗೆ ಪಟ್ಟಿ ಬಿಗಿದಿದ್ದರು. ಆಗಲೇ ಮರಳಿದ್ದ ಲಕ್ಷ್ಮಣ ಯಲ್ಲೇಶನನ್ನು ಕಂಡು ಎದ್ದ. ಪ್ರಶ್ನೆಗಳಿಗೆ ಸಪ್ನಾ ತಲೆಯಾಡಿಸಿದಂತೆ ಅವಳ ಹೇಳಿಕೆ ಬರೆದುಕೊಳ್ಳುತ್ತಿದ್ದ ಪೊಲೀಸಿನ ಕಾಂತಾ ಅಡ್ಡ ಬಂದಳು.

ಯಲ್ಲೇಶ ಹಾಳೆಗಳನ್ನು ಹಾಸಿಗೆಯ ಮೇಲಿಟ್ಟ. “ನಿಮ್ಮ ಮೇಲ್ ಯಾರೂ ಓದಿಲ್ರಿ. ತಡದಾಂವ ನಾನು. ತಡದದ್ದು ನಿಮಗ ತಿಳೀದಂಗ ಮಾಡಿದಾಂವನೂ ನಾನ.”

ಸಪ್ನಾ ಅವನನ್ನೇ ನೋಡಿದಳು. ಆಮೇಲೆ ಎಡಗೈ ಎತ್ತಿ ಅವನ ಕೆನ್ನೆಗೆ ಹೊಡೆದಳು. ಆ ಅಲುಗಾಟಕ್ಕೆ ಅವಳ ಗಂಟಲಿನಿಂದಲೇ ನರಳಿಕೆ ಹೊರಟಿತು. ಯಲ್ಲೇಶ ಮುಖ ಸರಿಸಲಿಲ್ಲ.

“ಇದನ್ನ ಬರದು ಕೊಡ್ತೀರೇನು?” ಕಾಂತಾ ಕೇಳಿದಳು.

“ಕೊಡ್ತೀನ್ರಿ.”

ಅವನು ಬರೆದು ಮುಗಿಸುವಷ್ಟರಲ್ಲಿ ಸಪ್ನಾಳ ಹೇಳಿಕೆಯೂ ಸಿದ್ಧವಾಗಿತ್ತು. ಸಹಿ ಹಾಕಲು ಅವಳು ಎಡಗೈಯಲ್ಲಿ ಪೆನ್ನು ಹಿಡಿದಳು. ಕಾಗದ ಜಾರುತ್ತಿತ್ತು. ಲಕ್ಷ್ಮಣ ಒಂದು ಅಂಚು ಒತ್ತಿ ಹಿಡಿದ. ಇನ್ನೊಂದು ಅಂಚಿಗೆ ಯಲ್ಲೇಶ ಬೆರಳಿಟ್ಟ. ಅವಳು ‘ಸ’ ಬರೆದಳು, ತುಸು ನಿಂತಳು, ಮುಂದಿನ ಅಕ್ಷರಕ್ಕೆ ಪೆನ್ನು ಊರಿದಳು.