ನೋಡಿದೆ, ತಪ್ಪಿಲ್ಲ

ಅಚ್ಚುಕೂಟದಲ್ಲಿ ಎಲ್ಲರೂ ಅವರನ್ನು ಕರೆಯುತ್ತಿದ್ದುದು ಒತ್ತಕ್ಷರ ಎಂದೇ. ಇಪ್ಪತ್ತೆಂಟು ವರ್ಷ ಕರಡು ತಿದ್ದಿದ ಮನುಷ್ಯ. ಯಾರ ಬರಹದಲ್ಲಾದರೂ ಒಂದು ಒತ್ತು ಬಿಟ್ಟುಹೋದರೆ ಆ ದಿನ ಅವರಿಗೆ ಊಟ ಸೇರುತ್ತಿರಲಿಲ್ಲ. ತಿದ್ದಿ ಮುಗಿಸಿದ ಪ್ರತಿ ಹಾಳೆಯ ಕೆಳಗೆ ಕೆಂಪು ಶಾಯಿಯಲ್ಲಿ ‘ನೋಡಿದೆ, ತಪ್ಪಿಲ್ಲ’ ಎಂದು ಬರೆದು ಸಹಿ ಹಾಕುವುದು ಅಭ್ಯಾಸ. ಬಾಡಿಗೆ ಕರಾರಿನ ಕೆಳಗೂ ಹಾಗೇ ಬರೆದಿದ್ದರು. ಯಾರೂ ಕೇಳಿರಲಿಲ್ಲ ಬಿಡಿ, ಕೈ ಸುಮ್ಮನಿರಬೇಕಲ್ಲ!

ಆ ಬಾಡಿಗೆ ಮನೆಗೆ ಬಂದ ಎರಡನೇ ವಾರಕ್ಕೇ ಮಲಗುವ ಕೋಣೆಯ ಗೋಡೆ ಒದ್ದೆಯಾಯಿತು. ಮೇಲಿನ ಬಚ್ಚಲಿನ ಕೊಳವೆ ಎಲ್ಲೋ ಒಡೆದು, ನೀರು ಸದ್ದಿಲ್ಲದೆ ಇಳಿಯುತ್ತಿತ್ತು. ಬೀರುವಿನ ಹಿಂದೆಲ್ಲ ಕಪ್ಪು ಬೂಷ್ಟು. ಹೆಂಡತಿಗೆ ಮೊದಲೇ ಉಬ್ಬಸ. ಮೂರನೇ ತಿಂಗಳಿಗೆ ನಾಲ್ಕು ಮೆಟ್ಟಿಲು ಹತ್ತುವುದೂ ಕಷ್ಟವಾಯಿತು. “ಔಷಧಿ ಬದಲಾಯಿಸಿ ಉಪಯೋಗವಿಲ್ಲ, ಮನೆ ಬದಲಾಯಿಸಿ” ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿಬಿಟ್ಟರು. ಅಂದಿನಿಂದ ಒತ್ತಕ್ಷರ ರಾತ್ರಿಯೆಲ್ಲ ಅವಳ ಉಸಿರು ಕೇಳುತ್ತ ಹೆದರಿಕೊಂಡೇ ಮಲಗುತ್ತಿದ್ದರು.

ಮಾಲೀಕರು ನಿವೃತ್ತ ಹೆಡ್‌ಮೇಷ್ಟ್ರು. ಅವರ ನಿಘಂಟಿನಲ್ಲಿ ‘ಸೋರುವುದು’ ಎಂಬ ಪದವೇ ಇರಲಿಲ್ಲ. ಗೋಡೆ ಬೆವರುತ್ತಿತ್ತು, ಅಷ್ಟೆ.

ಗಂಡ ಹೆಂಡತಿ ಒಂದು ಬೆಳಿಗ್ಗೆ ಕರಾರು ಹಿಡಿದು ಅವರ ಮನೆಗೆ ಹೋದರು.

“ಮೇಷ್ಟ್ರೇ, ನಾಲ್ಕನೇ ಕಲಮು ನೋಡಿ. ಸೋರಿದ್ರೆ ಅವಧಿಗೆ ಮುಂಚೆ ಬಿಡಬಹುದು ಅಂತ ಮಾತಾಗಿತ್ತು.”

ಮೇಷ್ಟ್ರು ಕನ್ನಡಕ ಏರಿಸಿ, ಪಾಠ ಓದುವ ಧಾಟಿಯಲ್ಲಿ ಓದಿದರು: “ಮನೆ ಸೋರಿದ ಮೇಲೆ ಹನ್ನೊಂದು ತಿಂಗಳು ಬಿಡುವಂತಿಲ್ಲ, ಸೇರಿದರೆ ಮಾತ್ರ ಬಿಡಬಹುದು.”

ಒತ್ತಕ್ಷರ ಹಾಳೆ ಕಿತ್ತುಕೊಂಡರು. ಸೇರಿದ ಇರಬೇಕಾದಲ್ಲಿ ಸೋರಿದ, ಸೋರಿದರೆ ಇರಬೇಕಾದಲ್ಲಿ ಸೇರಿದರೆ! ಬೆರಳಚ್ಚಿನವಳ ಕೈಯಲ್ಲಿ ಕೊಂಬೊಂದು ಜಾಗ ಬದಲಿಸಿತ್ತು. ಅಂದು ಇವರು ಹನ್ನೆರಡು ಅಲ್ಪವಿರಾಮ ಸೇರಿಸಿ ಬೀಗಿದ್ದರು. ಇದು ಕಣ್ಣಿಗೇ ಬಿದ್ದಿರಲಿಲ್ಲ.

“ಸೋರಿದ್ದು ಎರಡನೇ ವಾರದಲ್ಲಿ ತಾನೆ? ಅಲ್ಲಿಂದ ಎಣಿಸಿ ಹನ್ನೊಂದು ತಿಂಗಳು” ಎಂದು ಮೇಷ್ಟ್ರು ನಕ್ಕರು.

“ಇದು ಅಚ್ಚಿನ ತಪ್ಪು ಮೇಷ್ಟ್ರೇ.”

“ತಪ್ಪಾ? ಕೆಳಗೆ ಕೆಂಪಕ್ಷರದಲ್ಲಿ ತಪ್ಪಿಲ್ಲ ಅಂತ ಬರೆದೋರು ಯಾರು? ತಪ್ಪು ಅಂತ ನಿಮ್ಮ ಕೈಯಾರೆ ಬರೆದುಕೊಡಿ. ತಿದ್ದಿದ ಹಾಗೇ ನಡ್ಕೋತೀನಿ.”

ತಪ್ಪೊಪ್ಪಿಕೊಳ್ಳುವ ಆಸಾಮಿ ಇವರಲ್ಲವೆಂದು ಮೇಷ್ಟ್ರಿಗೆ ಚೆನ್ನಾಗಿ ಗೊತ್ತಿತ್ತು. ಒತ್ತಕ್ಷರ ಬೆವರಿದರು, ಗೋಡೆಯ ಹಾಗಲ್ಲ, ನಿಜವಾಗಿ. ನಾಳೆ ಅಚ್ಚುಕೂಟಕ್ಕೆ ಸುದ್ದಿ ಮುಟ್ಟಿದರೆ ಮಾನ ಮೂರು ಕಾಸಿಗೆ. ಆ ವಾಕ್ಯಕ್ಕೆ ಬೇರೆ ಏನಾದರೂ ಅರ್ಥ ಹಚ್ಚಬಹುದೇ ಎಂದು ಕೂಡ ಯೋಚಿಸಿದರು, ಪುಣ್ಯಾತ್ಮ.

ಹೆಂಡತಿ ಕೆಮ್ಮಿದಳು. ಕೆಮ್ಮು ಬೇಗ ನಿಲ್ಲಲಿಲ್ಲ. ನಿಂತ ಮೇಲೆ, “ರೀ, ಅಕ್ಷರದ ಕೊಂಬು ಹಾಗಿರಲಿ, ಮೊದಲು ನಿಮ್ಮ ಕೊಂಬು ಇಳಿಸಿ” ಎಂದಳು.

ಅವರು ಕೆಂಪು ಪೆನ್ನು ತೆಗೆದರು. ಎರಡೂ ಪದ ತಿದ್ದಿದರು. ಕೆಳಗೆ ‘ತಪ್ಪಿಲ್ಲ’ವನ್ನು ಹೊಡೆದುಹಾಕಿ ‘ತಪ್ಪಿದೆ, ನನ್ನದೇ’ ಎಂದು ಬರೆದು ಸಹಿ ಹಾಕಿದರು. ಕಿವಿಯೆಲ್ಲ ಬಿಸಿಯಾಗಿತ್ತು.

ಮೇಷ್ಟ್ರು ಇದನ್ನು ನಿರೀಕ್ಷಿಸಿರಲಿಲ್ಲ. “ಸರಿ, ಸೋರಿದರೆ ಬಿಡಬಹುದು. ಆದ್ರೆ ಸೋರಿದ್ದೆಲ್ಲಿ? ಗೋಡೆ ಬೆವರಿದೆ...”

“ಈಗ ತಾನೆ ಸೋರಿದ ವಾರದಿಂದ ತಿಂಗಳು ಎಣಿಸಿದೋರು ಯಾರು ಮೇಷ್ಟ್ರೇ?” ಎಂದಳು ಹೆಂಡತಿ, ಉಸಿರು ಹಿಡಿದುಕೊಂಡು.

ಮೇಷ್ಟ್ರು ಮುಖ ಕೆಂಪಗೆ ಮಾಡಿಕೊಂಡು ಕರಾರಿನ ಹಿಂಬದಿಯಲ್ಲಿ ಗೀಚಿ ಎಸೆದರು: ‘ಇವರು ಅವಧಿಗೆ ಮುಂಚೆ ಮನೆ ಬಿಡಲು ಒಪಿದ್ದೇನೆ.’ “ಓದಿ ಸಹಿ ಹಾಕಿ. ಇನ್ನೊಂದು ಮಾತಾಡಿದ್ರೆ ಹರಿದು ಹಾಕ್ತೀನಿ!”

ಒಪಿದ್ದೇನೆ. ಪಕಾರಕ್ಕೆ ಒತ್ತಿಲ್ಲ.

ಒತ್ತಕ್ಷರ ಅವರ ಪೆನ್ನು ಆ ಪಕಾರದ ಕೆಳಗೆ ಹೋಗಿ ನಿಂತಿತು. ಹೆಂಡತಿಗೂ ತಪ್ಪು ಕಂಡಿತ್ತು. ಅವಳ ಎದೆಯ ಸುಯ್ಲು ಮಾತ್ರ ಕೇಳುತ್ತಿತ್ತು.

ಅವರು ಪೆನ್ನನ್ನು ಕೆಳಕ್ಕೆ ಸರಿಸಿ, ನಿಧಾನವಾಗಿ, ಇಪ್ಪತ್ತೆಂಟು ವರ್ಷದಲ್ಲಿ ಮೊದಲ ಸಲ ಗೊತ್ತಿದ್ದೂ ಬರೆದರು: ‘ನೋಡಿದೆ, ತಪ್ಪಿಲ್ಲ.’